ತಳ ಟ್ರಾಲಿಂಗ್ ಮತ್ತು ಕಡಲತಳದ ಹೂಳು

ಭಾರ ಕಟ್ಟಿದ ಚೀಲದಂಥ ಬಲೆಯನ್ನು ಕಡಲತಳಕ್ಕೆ ಇಳಿಸಿ, ಬೋಟಿನ ಹಿಂದೆ ಗಂಟೆಗಟ್ಟಲೆ ಎಳೆದು, ತಳದಲ್ಲಿರುವ ಮೀನು, ಸೀಗಡಿ, ಬೊಂಡಾಸ್‌ಗಳನ್ನು ಹಿಡಿಯುವ ವಿಧಾನಕ್ಕೆ ತಳ ಟ್ರಾಲಿಂಗ್ ಎನ್ನುತ್ತಾರೆ. ಜಗತ್ತಿನ ಕಡಲುಗಳಿಂದ ದಡಕ್ಕೆ ಬರುವ ಮೀನಿನಲ್ಲಿ ಸುಮಾರು ಕಾಲು ಪಾಲು ಈ ಬಲೆಗಳದು. ಮನುಷ್ಯ ಕಡಲತಳಕ್ಕೆ ನೇರವಾಗಿ ಕೈಹಾಕುವ ಕೆಲಸಗಳಲ್ಲಿ ಇಷ್ಟು ವಿಸ್ತಾರವಾದದ್ದು ಬೇರೊಂದಿಲ್ಲ. ಬಂದರಿನ ಹೂಳೆತ್ತುವುದು, ತೈಲಬಾವಿ ಕೊರೆಯುವುದು, ಕೇಬಲ್ ಹಾಸುವುದು ಇವೆಲ್ಲ ತಟ್ಟುವ ನೆಲ ಇದರ ಮುಂದೆ ತೀರ ಚಿಕ್ಕದು. ಆದರೂ ಟ್ರಾಲಿಂಗ್ ಕುರಿತ ಮಾತು ಬಹುಪಾಲು ಮೀನಿನ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಬಲೆ ಹಾದುಹೋದ ನೆಲದ ಗತಿ ಏನಾಯಿತು ಎಂಬುದನ್ನು ವಿಜ್ಞಾನಿಗಳು ವ್ಯಾಪಕವಾಗಿ ಅಳೆಯತೊಡಗಿದ್ದು ಮುಖ್ಯವಾಗಿ 1990ರ ದಶಕದಿಂದ ಈಚೆಗೆ. ಆ ಅಳತೆಗಳು ಹೇಳುವುದರಲ್ಲಿ ಒಂದು ಅಂಶ ಎದ್ದು ಕಾಣುತ್ತದೆ: ಹಾನಿಯ ಪ್ರಮಾಣವನ್ನು ತೀರ್ಮಾನಿಸುವುದು ಬಲೆಯಷ್ಟೇ ಅಲ್ಲದೆ ಅದರಡಿಯ ಮಣ್ಣು, ನೀರಿನ ಆಳ ಮತ್ತು ಬಲೆ ಎಷ್ಟು ಸಲ ಹಾಯುತ್ತದೆ ಎಂಬುದು ಕೂಡ. ಅಲೆಯ ಹೊಡೆತಕ್ಕೆ ಒಗ್ಗಿದ ಮರಳು ಬೇಗ ಸುಧಾರಿಸಿಕೊಳ್ಳುತ್ತದೆ. ಆಳದ ನಿಶ್ಚಲ ಕೆಸರು ಅಷ್ಟು ಬೇಗ ಸುಧಾರಿಸಿಕೊಳ್ಳುವುದಿಲ್ಲ.

ಬಲೆ ನೆಲವನ್ನು ತಾಕುವ ಬಗೆ

ಹೆಚ್ಚು ಬಳಕೆಯಲ್ಲಿರುವುದು ಓಟರ್ ಟ್ರಾಲ್. ಬಲೆಯ ಎರಡೂ ಕಡೆ ಮರದ ಅಥವಾ ಉಕ್ಕಿನ ಒಂದೊಂದು ಭಾರವಾದ ಬೋರ್ಡು ಇರುತ್ತದೆ. ಬೋಟು ಎಳೆದಂತೆ ನೀರಿನ ಒತ್ತಡ ಬೋರ್ಡುಗಳನ್ನು ಆಚೀಚೆ ತಳ್ಳುತ್ತದೆ, ಬಲೆಯ ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. ಬಾಯಿಯ ಕೆಳ ಅಂಚಿನ ಹಗ್ಗಕ್ಕೆ ಸರಪಳಿ, ಸೀಸದ ಗುಂಡು ಅಥವಾ ರಬ್ಬರ್ ಉರುಳೆಗಳನ್ನು ಕಟ್ಟಿರುತ್ತಾರೆ. ಬೋರ್ಡಿನಿಂದ ಬಲೆಯವರೆಗೆ ಚಾಚಿದ ಉದ್ದನೆಯ ಹಗ್ಗಗಳು ನೆಲ ಸವರುತ್ತ ಕೆಸರೆಬ್ಬಿಸುತ್ತವೆ. ಈ ಕೆಸರಿನ ಮೋಡಕ್ಕೆ ಬೆದರಿ ಮೀನುಗಳು ಬಲೆಯ ಬಾಯಿಯತ್ತ ಸರಿಯುತ್ತವೆ. ಹಾಗಾಗಿ ಹೂಳು ಕದಡುವುದನ್ನು ಈ ವಿಧಾನದ ಆಕಸ್ಮಿಕ ಉಪಫಲವೆಂದು ತಳ್ಳಿಹಾಕುವಂತಿಲ್ಲ. ಅದು ಹಿಡಿಯುವ ತಂತ್ರದ ಒಂದು ಭಾಗ.

ಉತ್ತರ ಸಮುದ್ರದಲ್ಲಿ ಚಪ್ಪಟೆ ಮೀನಿಗಾಗಿ ಬಳಸುವ ಬೀಮ್ ಟ್ರಾಲ್‌ನಲ್ಲಿ ಬಲೆಯ ಬಾಯಿಯನ್ನು ಉಕ್ಕಿನ ತೊಲೆಯೊಂದು ತೆರೆದು ಹಿಡಿದಿರುತ್ತದೆ. ಹೂಳಿನಲ್ಲಿ ಅಡಗಿ ಕೂತ ಮೀನನ್ನು ಎಬ್ಬಿಸಲು ಬಾಯಿಯ ಮುಂದೆ ಸಾಲು ಸಾಲು ಸರಪಳಿಗಳಿರುತ್ತವೆ. ಚಿಪ್ಪುಜೀವಿಗಳಿಗಾಗಿ ಎಳೆಯುವ ಹಲ್ಲಿನ ಕಬ್ಬಿಣದ ಚೌಕಟ್ಟುಗಳು ಇನ್ನೂ ಒರಟು. ಅವುಗಳಲ್ಲೊಂದು ಬಗೆ ಒತ್ತಡದ ನೀರನ್ನು ಚಿಮ್ಮಿಸಿ ನೆಲವನ್ನೇ ಸಡಿಲಗೊಳಿಸಿ ಬಾಚುತ್ತದೆ.

ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಯಾನ್ ಗೇರ್ಟ್ ಹಿಡ್ಡಿಂಕ್ ಮತ್ತು ಸಂಗಡಿಗರು ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಭೇದಗಳಿಗೆ ಅಂಕಿ ಕೊಟ್ಟಿತು. ಓಟರ್ ಟ್ರಾಲ್ ಸರಾಸರಿ 2.4 ಸೆಂ.ಮೀ. ಆಳಕ್ಕೆ ಇಳಿದು ಒಂದು ಎಳೆತದಲ್ಲಿ ತಳಜೀವಿಗಳ ತೂಕದಲ್ಲಿ ಶೇ. 6ನ್ನು ಇಲ್ಲವಾಗಿಸುತ್ತದೆ. ಬೀಮ್ ಟ್ರಾಲ್ 2.7 ಸೆಂ.ಮೀ. ಇಳಿದು ಶೇ. 14, ಹಲ್ಲಿನ ಚೌಕಟ್ಟು 5.5 ಸೆಂ.ಮೀ. ಇಳಿದು ಶೇ. 20, ನೀರು ಚಿಮ್ಮಿಸುವ ಚೌಕಟ್ಟು 16.1 ಸೆಂ.ಮೀ. ಇಳಿದು ಶೇ. 41. ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟು ನಾಶ. ಹೀಗೆ ಕುಗ್ಗಿದ ಜೀವರಾಶಿ ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಮರಳಲು ಸಾಮಾನ್ಯವಾಗಿ 1.9ರಿಂದ 6.4 ವರ್ಷ ಬೇಕೆಂದು ಅದೇ ಅಧ್ಯಯನ ಅಂದಾಜಿಸಿತು. ಇವು ಸರಾಸರಿಗಳೆಂಬುದನ್ನು ಮರೆಯಬಾರದು. ಮೆತ್ತನೆಯ ಕೆಸರಿನಲ್ಲಿ ಓಟರ್ ಬೋರ್ಡೊಂದೇ 35 ಸೆಂ.ಮೀ. ವರೆಗೆ ಸೀಳಿಕೊಂಡು ಹೋಗಬಲ್ಲದು. ಮತ್ತೆ, ಮೊದಲ ಎಳೆತಕ್ಕೆ ಸಿಕ್ಕ ಕನ್ಯೆನೆಲದ ನಷ್ಟವೂ ನೂರನೆಯ ಎಳೆತಕ್ಕೆ ಸಿಕ್ಕ ಸವೆದ ನೆಲದ ನಷ್ಟವೂ ಒಂದೇ ಅಲ್ಲ. ಸೂಕ್ಷ್ಮವಾದದ್ದೆಲ್ಲ ಆರಂಭದಲ್ಲೇ ಹೋಗಿಬಿಟ್ಟಿರುತ್ತದೆ.

ಹಳೆಯ ದೂರು

ಈ ಬಲೆಯ ಮೇಲಿನ ಆಕ್ಷೇಪ ಯಂತ್ರಯುಗದ್ದಲ್ಲ. 1376ರಲ್ಲೇ ಇಂಗ್ಲೆಂಡಿನ ಮೀನುಗಾರರು ದೊರೆ ಮೂರನೆಯ ಎಡ್ವರ್ಡ್‌ಗೆ ಅಹವಾಲು ಸಲ್ಲಿಸಿದ್ದರು. ಹೊಸ ಬಗೆಯ ಎಳೆಬಲೆಯೊಂದು ನೆಲದ ಮೇಲೆ ಭಾರವಾಗಿ ಹರಿದು ನೀರಿನಡಿಯ ಸಸ್ಯಗಳನ್ನೂ ಸಿಂಪಿಯ ಮರಿಗಳನ್ನೂ ಹಾಳುಮಾಡುತ್ತಿದೆ, ಅದನ್ನು ನಿಷೇಧಿಸಿ ಎಂಬುದು ಅವರ ಬೇಡಿಕೆ. ಬಲೆಯ ವಿರುದ್ಧ ಮೊದಲು ದನಿಯೆತ್ತಿದವರು ಮೀನುಗಾರರೇ ಎಂಬುದು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ. ಕಡಲನ್ನು ನಂಬಿದವರೂ ಪರಿಸರದ ಕಾಳಜಿಯವರೂ ಎದುರಾಳಿಗಳೆಂಬ ಈಗಿನ ಭಾವನೆಗೆ ಚರಿತ್ರೆಯ ಆಧಾರ ಇಲ್ಲ.

1863ರಲ್ಲಿ ಬ್ರಿಟನ್ ಇಂಥದೇ ದೂರುಗಳನ್ನು ವಿಚಾರಿಸಲು ಆಯೋಗವೊಂದನ್ನು ನೇಮಿಸಿತು. ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಅದರ ಸದಸ್ಯರಲ್ಲೊಬ್ಬರು. ಗದ್ದೆ ಉತ್ತಂತೆ ಟ್ರಾಲ್ ಕಡಲತಳವನ್ನು ಹದಗೊಳಿಸುತ್ತದೆ ಎಂದು ಟ್ರಾಲ್ ದೋಣಿಯವರು ಆಯೋಗದ ಮುಂದೆ ವಾದಿಸಿದರು. 1866ರ ವರದಿ ನಿರ್ಬಂಧಗಳ ಅಗತ್ಯ ಕಾಣುತ್ತಿಲ್ಲವೆಂದಿತು. ಉಳುಮೆಯ ಆ ಹೋಲಿಕೆ ಇಂದಿಗೂ ಕೇಳಿಬರುತ್ತದೆ, ಆದರೆ ಅದು ನಿಲ್ಲುವಂಥದ್ದಲ್ಲ. ರೈತ ಉಳುವುದು ಬಿತ್ತುವುದಕ್ಕೆ, ಗೊಬ್ಬರ ಬೆರೆಸುವುದಕ್ಕೆ; ಕೊಚ್ಚಿಹೋಗುವ ಮಣ್ಣಿಗೆ ಅಡ್ಡಲಾಗಿ ಬದು ಹಾಕುತ್ತಾನೆ. ಟ್ರಾಲ್ ಎಬ್ಬಿಸಿದ ಮಣ್ಣಿಗೆ ಬದು ಇಲ್ಲ, ತೆಗೆದದ್ದಕ್ಕೆ ಬದಲಾಗಿ ಅದು ಏನನ್ನೂ ಹಾಕುವುದಿಲ್ಲ. 1880ರ ದಶಕದಲ್ಲಿ ಹಬೆ ಎಂಜಿನ್ನಿನ ಟ್ರಾಲರ್‌ಗಳೂ ಮುಂದಿನ ದಶಕದಲ್ಲಿ ಓಟರ್ ಬೋರ್ಡುಗಳೂ ಬಂದ ಮೇಲೆ ಗಾಳಿಯ ಹಂಗಿಲ್ಲದೆ ದೂರಕ್ಕೆ, ಆಳಕ್ಕೆ ಹೋಗುವುದು ಸಾಧ್ಯವಾಯಿತು.

ತಳದ ಮಣ್ಣಿನ ಒಳಗೆ

ಕಡಲತಳದ ಕೆಸರು ಪದರ ಪದರವಾದ ಒಂದು ವ್ಯವಸ್ಥೆ. ಮೇಲಿನ ಕೆಲವು ಮಿಲಿಮೀಟರ್‌ನಿಂದ ಕೆಲವು ಸೆಂಟಿಮೀಟರ್ ವರೆಗಿನ ತೆಳುಪದರದಲ್ಲಷ್ಟೇ ಆಮ್ಲಜನಕ ಇರುತ್ತದೆ. ಅದರ ಕೆಳಗೆ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಈ ಕ್ರಮದಲ್ಲಿ ಬಳಸುತ್ತ ಸಾವಯವ ಪದಾರ್ಥವನ್ನು ಕರಗಿಸುತ್ತವೆ. ಎಲ್ಲಕ್ಕೂ ಕೆಳಗೆ ಮೀಥೇನ್ ಹುಟ್ಟುತ್ತದೆ. ಹುಳುಗಳು, ಬಿಲ ತೋಡುವ ಸೀಗಡಿಗಳು, ಚಿಪ್ಪುಜೀವಿಗಳು ಈ ಪದರಗಳ ನಡುವೆ ಕೊಳವೆ ಕೊರೆದು ನೀರು ಹಾಯಿಸುತ್ತವೆ, ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸುತ್ತವೆ. ಅವುಗಳ ಓಡಾಟದಿಂದಲೇ ಕೆಸರು ಉಸಿರಾಡುತ್ತದೆ. ಎಷ್ಟು ಇಂಗಾಲ ಹೂತುಹೋಗಬೇಕು, ಎಷ್ಟು ಸಾರಜನಕ ಅನಿಲವಾಗಿ ಹೊರಬೀಳಬೇಕು, ಎಷ್ಟು ಪೋಷಕಾಂಶ ನೀರಿಗೆ ಮರಳಬೇಕು ಎಂಬುದೆಲ್ಲ ಈ ಕೆಲವು ಸೆಂಟಿಮೀಟರ್‌ಗಳಲ್ಲಿ ತೀರ್ಮಾನವಾಗುತ್ತದೆ. ಟ್ರಾಲ್ ತಾಕುವುದು ಇದೇ ಪದರವನ್ನು.

ಬಲೆ ಹಾದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಬೋರ್ಡು, ಹಗ್ಗ, ಸರಪಳಿಗಳು ಮಣ್ಣನ್ನು ನೇರವಾಗಿ ಕೆರೆದು ಮಗುಚುತ್ತವೆ. ಅವುಗಳ ಬೆನ್ನಿಗೇ ಹುಟ್ಟುವ ನೀರಿನ ಸುಳಿ ಸಣ್ಣ ಕಣಗಳನ್ನು ಮೇಲೆತ್ತುತ್ತದೆ. ಸ್ಕಾಟ್ಲೆಂಡಿನಲ್ಲಿ ಓನೀಲ್ ಮತ್ತು ಸಮ್ಮರ್‌ಬೆಲ್ ನಡೆಸಿದ ಪ್ರಯೋಗಗಳು, ಮೇಲೇಳುವ ಹೂಳಿನ ಪ್ರಮಾಣವು ಬಲೆಯ ಭಾಗಗಳು ನೀರಿಗೆ ಒಡ್ಡುವ ಎಳೆತಕ್ಕೂ ತಳದಲ್ಲಿರುವ ನಯವಾದ ಕಣಗಳ ಪಾಲಿಗೂ ಅನುಗುಣವಾಗಿ ಹೆಚ್ಚುತ್ತದೆ ಎಂದು ತೋರಿಸಿವೆ. ಎಂದರೆ, ನೆಲಕ್ಕೆ ಹಗುರವಾಗಿ ತಾಕುವ ಬಲೆಯೂ ಕೆಸರಿನ ಮೇಲೆ ಸಾಕಷ್ಟು ಕದಡಬಲ್ಲದು.

ಎದ್ದ ಕಣ ಮತ್ತೆ ಕೂರುವ ವೇಗದಲ್ಲಿ ಮರಳಿಗೂ ಜೇಡಿಗೂ ಅಜಗಜಾಂತರ. 0.1 ಮಿ.ಮೀ. ಅಗಲದ ಮರಳಿನ ಕಣ ಸೆಕೆಂಡಿಗೆ ಸುಮಾರು 8 ಮಿ.ಮೀ. ಇಳಿಯುತ್ತದೆ, 5 ಮೀಟರ್ ಮೇಲೆದ್ದರೂ ಹತ್ತು ನಿಮಿಷದಲ್ಲಿ ತಳ ಸೇರುತ್ತದೆ. ಒಂದು ಮಿ.ಮೀ.ನ ಐನೂರನೇ ಒಂದರಷ್ಟು ಅಗಲದ ಜೇಡಿಕಣ ಒಂಟಿಯಾಗಿ ಇಳಿಯುವುದಾದರೆ ಅಷ್ಟೇ ದೂರಕ್ಕೆ ಎರಡು ವಾರಕ್ಕೂ ಹೆಚ್ಚು ಬೇಕು. ವಾಸ್ತವದಲ್ಲಿ ಉಪ್ಪುನೀರಿನಲ್ಲಿ ಜೇಡಿಕಣಗಳು ಒಂದಕ್ಕೊಂದು ಅಂಟಿ ಹತ್ತಿಯಂಥ ಗಂಟುಗಳಾಗಿ ಬೇಗ ಇಳಿಯುತ್ತವೆ. ಆದರೂ ಪ್ರವಾಹ ಅವನ್ನು ಬೇರೆಡೆಗೆ ಒಯ್ಯಲು ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಪದೇ ಪದೇ ಹೀಗಾದಾಗ ನಯವಾದ ಕಣಗಳೂ ಅವುಗಳಿಗೆ ಅಂಟಿದ ಸಾವಯವ ಪದಾರ್ಥವೂ ಜಾರಿಹೋಗಿ ತಳದ ಮಣ್ಣು ಒರಟಾಗುತ್ತದೆ, ಬಡವಾಗುತ್ತದೆ. ಮೆಕ್ಸಿಕೋ ಕೊಲ್ಲಿಯ ಸೀಗಡಿ ಟ್ರಾಲರ್‌ಗಳ ಹಿಂದೆ ಚಾಚಿಕೊಂಡ ಕೆಸರಿನ ಬಾಲಗಳು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲೂ ಕಾಣುತ್ತವೆ. ಅಮೆರಿಕದ ಮೇನ್ ಕೊಲ್ಲಿಯಲ್ಲಿ ತಳದಿಂದ ಬಹಳ ಮೇಲೆ ತೂಗುಬಿಟ್ಟಿದ್ದ ಹೂಳು ಸಂಗ್ರಹಿಸುವ ಉಪಕರಣಗಳಲ್ಲಿ ಕೆಸರಿನೊಳಗೆ ಬದುಕುವ ಹುಳುಗಳು ಸಿಕ್ಕಿದ್ದನ್ನು 1998ರಲ್ಲಿ ಪಿಲ್ಸ್‌ಕಾನ್ ಮತ್ತು ಸಂಗಡಿಗರು ವರದಿ ಮಾಡಿದರು. ಟ್ರಾಲಿಂಗೇ ಅದಕ್ಕೆ ಕಾರಣವೆಂದು ಅವರ ತರ್ಕ. ಜಗತ್ತಿನ ಟ್ರಾಲ್‌ಗಳು ವರ್ಷಕ್ಕೆ ಸುಮಾರು 2,200 ಕೋಟಿ ಟನ್ ಹೂಳನ್ನು ಎಬ್ಬಿಸುತ್ತವೆ ಎಂಬುದು 2016ರಲ್ಲಿ ಓಬರ್ಲೆ ಮತ್ತು ಸಂಗಡಿಗರು ಕೊಟ್ಟ ಅಂದಾಜು. ಎಲ್ಲ ನದಿಗಳು ಸೇರಿ ಭೂಖಂಡಗಳಂಚಿನ ಕಡಲಿಗೆ ಹೊತ್ತು ತರುವ ಹೂಳು ಹೆಚ್ಚುಕಡಿಮೆ ಅಷ್ಟೇ.

ಪಲಮೋಸ್ ಕಮರಿ

ಈ ವಿಷಯದಲ್ಲಿ ಅತಿ ಸೂಕ್ಷ್ಮವಾಗಿ ಅಧ್ಯಯನವಾದ ಜಾಗ ಸ್ಪೇನಿನ ಕ್ಯಾಟಲೋನಿಯಾ ತೀರದ ಪಲಮೋಸ್ ಕಡಲಕಮರಿ. ಲಾ ಫೊನೇರಾ ಎಂಬ ಹೆಸರೂ ಅದಕ್ಕಿದೆ. ಕಮರಿಯ ಪಕ್ಕಗಳಲ್ಲಿ 400ರಿಂದ 800 ಮೀಟರ್ ಆಳದಲ್ಲಿ ಬೆಲೆಬಾಳುವ ಕೆಂಪು ಸೀಗಡಿಗಾಗಿ ಪಲಮೋಸ್ ಬಂದರಿನ ಬೋಟುಗಳು ತಲೆಮಾರುಗಳಿಂದ ಟ್ರಾಲ್ ಎಳೆಯುತ್ತ ಬಂದಿವೆ. ಬಾರ್ಸಿಲೋನಾದ ಕಡಲವಿಜ್ಞಾನ ಸಂಸ್ಥೆಯ ಪೆರೆ ಪುಚ್ ನೇತೃತ್ವದ ತಂಡ 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ನಕ್ಷೆಗಳು ಕಡಲವಿಜ್ಞಾನಿಗಳನ್ನೂ ಬೆರಗುಗೊಳಿಸಿದವು. ಬಲೆ ಮುಟ್ಟದ ಇಳಿಜಾರುಗಳಲ್ಲಿ ಕವಲೊಡೆದ ಸಣ್ಣ ಕಣಿವೆಗಳ ಜಾಲ ಸ್ಪಷ್ಟವಾಗಿತ್ತು. ಬಲೆ ಎಳೆಯುವ ಇಳಿಜಾರುಗಳಲ್ಲಿ ಆ ಉಬ್ಬುತಗ್ಗುಗಳು ಸವೆದು ನುಣುಪಾಗಿದ್ದವು. ಬೋಟುಗಳು ಕೆಲಸ ಮಾಡುವ ವಾರದ ದಿನಗಳಲ್ಲಿ ಕಮರಿಯೊಳಕ್ಕೆ ಕೆಸರಿನ ಹರಿವು ಧುಮುಕುವುದನ್ನೂ ರಜಾದಿನಗಳಲ್ಲಿ ಅದು ನಿಲ್ಲುವುದನ್ನೂ ಅಲ್ಲಿಟ್ಟ ಉಪಕರಣಗಳು ದಾಖಲಿಸಿದವು. ಕಮರಿಯ ನಡುಗಾಲುವೆಯಲ್ಲಿ 1970ರ ದಶಕದಿಂದ, ಎಂಜಿನ್‌ಗಳ ಶಕ್ತಿ ಹೆಚ್ಚಿದ ಕಾಲದಿಂದಲೇ, ಹೂಳು ತುಂಬುವ ವೇಗ ಇಮ್ಮಡಿಯಾದದ್ದನ್ನು ಸೀಸ-210 ಆಧಾರದ ಕಾಲಗಣನೆ ತೋರಿಸಿತು. ಮೇಲಿನ ಇಳಿಜಾರಿನಿಂದ ಕೊಚ್ಚಿಹೋದದ್ದು ಕೆಳಗೆ ರಾಶಿಯಾಗುತ್ತಿತ್ತು.

ಎರಡು ವರ್ಷಗಳ ನಂತರ ಆಂಟೋನಿಯೋ ಪುಸೆಡ್ಡು ಮತ್ತು ಸಂಗಡಿಗರು ಅದೇ ಜಾಗದ ಜೀವದ ಲೆಕ್ಕ ಕೊಟ್ಟರು. ಟ್ರಾಲ್ ಎಳೆದ ನೆಲದ ಕೆಸರಿನಲ್ಲಿ ಸಾವಯವ ಪದಾರ್ಥ ಶೇ. 52ರ ವರೆಗೆ ಕಡಿಮೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ತಳಜೀವಿಗಳ ಸಂಖ್ಯೆ ಶೇ. 80 ಕಡಿಮೆ, ಅವುಗಳ ವೈವಿಧ್ಯ ಶೇ. 50 ಕಡಿಮೆ. ಮುಂದೆ ಸೀಗಡಿಯ ರಕ್ಷಣೆಗಾಗಿ ಅಲ್ಲಿ ವರ್ಷಕ್ಕೆ ಎರಡು ತಿಂಗಳ ನಿಷೇಧ ಬಂತು. ಅಷ್ಟು ಬಿಡುವು ಕೆಸರಿನ ಗುಣ ಮರಳಲು ಸಾಲದು ಎಂಬುದನ್ನು 2021ರ ಅಧ್ಯಯನವೊಂದು ಖಚಿತಪಡಿಸಿತು. ಸೀಗಡಿ ಒಂದೆರಡು ವರ್ಷದಲ್ಲಿ ಬೆಳೆಯುತ್ತದೆ. ಆ ಆಳದಲ್ಲಿ ಒಂದು ಸೆಂಟಿಮೀಟರ್ ಹೂಳು ಸ್ವಾಭಾವಿಕವಾಗಿ ಕೂರಲು ಹಲವು ವರ್ಷ, ಕೆಲವೆಡೆ ದಶಕಗಳೇ ಬೇಕು. ಮೀನಿನ ಗಡಿಯಾರಕ್ಕೆ ಹೊಂದಿಸಿದ ನಿಯಮ ಮಣ್ಣಿನ ಗಡಿಯಾರಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಇಂಗಾಲದ ವಿವಾದ

2021ರಲ್ಲಿ ಎನ್ರಿಕ್ ಸಾಲಾ ಮತ್ತು ಸಂಗಡಿಗರ ಲೇಖನವೊಂದು ಟ್ರಾಲಿಂಗನ್ನು ಹವಾಮಾನದ ಚರ್ಚೆಯ ನಡುವೆ ತಂದು ನಿಲ್ಲಿಸಿತು. ಕದಡಿದ ಕೆಸರಿನಿಂದ ವರ್ಷಕ್ಕೆ 147 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಕಡಲನೀರಿಗೆ ಸೇರಬಹುದು ಎಂಬ ಅದರ ಅಂದಾಜು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಿದಾಡಿತು. ಅನೇಕರು ಅದನ್ನು ವಾತಾವರಣಕ್ಕೆ ಸೇರುವ ಪ್ರಮಾಣವೆಂದೇ ಓದಿಕೊಂಡರು, ಅದು ತಪ್ಪು. 2023ರಲ್ಲಿ ಹಿಡ್ಡಿಂಕ್ ಮತ್ತಿತರರು ಮೂಲ ಲೆಕ್ಕವನ್ನೇ ಪ್ರಶ್ನಿಸಿದರು. ಬಹುಕಾಲದಿಂದ ಹೂತಿರುವ, ಕರಗಲೊಲ್ಲದ ಇಂಗಾಲವನ್ನು ಹೊಸದಾಗಿ ಬಿದ್ದ ಇಂಗಾಲದಷ್ಟೇ ಸುಲಭವಾಗಿ ಕರಗುವುದೆಂದು ಆ ಮಾದರಿ ಭಾವಿಸಿದೆ, ಆದ್ದರಿಂದ ಅಂದಾಜು ವಿಪರೀತ ಹೆಚ್ಚಾಗಿದೆ ಎಂಬುದು ಅವರ ವಾದ. ಇದಕ್ಕೂ ಮುಂಚೆ 2022ರಲ್ಲಿ ಎಪ್‌ಸ್ಟೀನ್ ಮತ್ತು ಸಂಗಡಿಗರು 49 ಕ್ಷೇತ್ರಾಧ್ಯಯನಗಳನ್ನು ಒಟ್ಟಿಗೆ ನೋಡಿದ್ದರು. ಶೇ. 61ರಲ್ಲಿ ಇಂಗಾಲದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಶೇ. 29ರಲ್ಲಿ ಕಡಿಮೆಯಾಗಿತ್ತು, ಶೇ. 10ರಲ್ಲಿ ಹೆಚ್ಚಿತ್ತು.

ಈ ಭಿನ್ನತೆಗೆ ಕಾರಣಗಳಿವೆ. ಕದಡಿದಾಗ ಆಮ್ಲಜನಕ ತಾಕಿ ಸಾವಯವ ಪದಾರ್ಥ ಬೇಗ ಕರಗುತ್ತದೆ. ಅದೇ ವೇಳೆಗೆ ಅದನ್ನು ತಿಂದು ಕರಗಿಸುತ್ತಿದ್ದ ಹುಳುಗಳು ಸತ್ತರೆ ಕರಗುವಿಕೆ ನಿಧಾನವೂ ಆಗಬಹುದು. ಮರಳಿನಲ್ಲಿ ಇಂಗಾಲವೇ ಕಡಿಮೆ, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ. ಹೀಗಾಗಿ ಇಡೀ ಭೂಗೋಳಕ್ಕೆ ಒಂದೇ ಸಂಖ್ಯೆ ಹಚ್ಚುವುದು ಈಗಿನ ಜ್ಞಾನಕ್ಕೆ ಮೀರಿದ ಸಾಹಸ. ಆ ಸಂಖ್ಯೆ ಬಿದ್ದುಹೋದರೆ ಟ್ರಾಲಿಂಗ್ ನಿರುಪದ್ರವಿ ಎಂದು ಸಾಬೀತಾದಂತೆಯೂ ಅಲ್ಲ. ನಯವಾದ ಕೆಸರು ದಪ್ಪವಾಗಿ ಕೂತಿರುವ, ಇಂಗಾಲ ಸಮೃದ್ಧವಾಗಿರುವ ಜಾಗಗಳಲ್ಲಿ ನಷ್ಟ ನಿಜ ಎಂಬುದರಲ್ಲಿ ಎರಡೂ ಬಣಗಳ ನಡುವೆ ದೊಡ್ಡ ಭೇದವಿಲ್ಲ.

ಸಾರಜನಕದ ಕತೆ ಇಂಗಾಲದಷ್ಟು ಸುದ್ದಿಯಾಗಿಲ್ಲ, ಆದರೆ ತೀರದ ಕಡಲಿಗೆ ಅದು ಕಡಿಮೆ ಮಹತ್ವದ್ದಲ್ಲ. ಹೊಲಗಳಿಂದ, ಊರುಗಳಿಂದ ಹರಿದುಬಂದ ನೈಟ್ರೇಟನ್ನು ನಿರಪಾಯ ಸಾರಜನಕ ಅನಿಲವಾಗಿಸಿ ಹೊರಹಾಕುವುದು ತಳದ ಕೆಸರಿನ ಬ್ಯಾಕ್ಟೀರಿಯಾಗಳ ಕೆಲಸ. ಆಮ್ಲಜನಕ ಇರುವ ಪದರ, ಇಲ್ಲದ ಪದರ ಎರಡೂ ಅಕ್ಕಪಕ್ಕದಲ್ಲಿದ್ದರೆ ಮಾತ್ರ ಅದು ಸರಾಗವಾಗಿ ನಡೆಯುತ್ತದೆ. ಪದರಗಳು ಮಗುಚಿ ಬಿಲಗಳು ಕುಸಿದಾಗ ಈ ಶುದ್ಧೀಕರಣ ಕುಗ್ಗುವುದನ್ನು ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2020ರಲ್ಲಿ ತೋರಿಸಿತು. ಹೂತಿದ್ದ ವಿಷಗಳೂ ಮೇಲೆ ಬರುತ್ತವೆ. ನಾರ್ವೆಯ ಮಲಿನ ಫ್ಯೋರ್ಡ್ ಒಂದರಲ್ಲಿ ಟ್ರಾಲ್ ಎಳೆದು ನೋಡಿದಾಗ ಕೆಸರಿನಲ್ಲಿದ್ದ ಡಯಾಕ್ಸಿನ್‌ಗಳು ಮತ್ತು ಪಿಸಿಬಿಗಳು ನೀರಿಗೆ ಎದ್ದು, ಅಲ್ಲಿಟ್ಟಿದ್ದ ಚಿಪ್ಪುಜೀವಿಗಳ ಮೈಸೇರಿದ್ದವು.

ಎಷ್ಟು ನೆಲ

24 ಕಡಲಪ್ರದೇಶಗಳ ಬೋಟುಗಳ ಜಾಡು ಹಿಡಿದು ಅಮೊರೊಸೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಒಟ್ಟು ತಳದ ಶೇ. 14ರಷ್ಟರ ಮೇಲೆ ಮಾತ್ರ ಟ್ರಾಲ್ ಹಾಯುತ್ತದೆ. ಕೆಲವೆಡೆ ಈ ಪಾಲು ಶೇ. 10ಕ್ಕೂ ಕಡಿಮೆ, ಯುರೋಪಿನ ಕೆಲವು ಕಡಲುಗಳಲ್ಲಿ ಶೇ. 50ಕ್ಕೂ ಹೆಚ್ಚು. ಶೇ. 14 ಎಂಬ ಸಂಖ್ಯೆಯನ್ನು ಸಮಾಧಾನಕ್ಕೆ ಬಳಸುವವರಿದ್ದಾರೆ. ಆದರೆ ಆ ಅಧ್ಯಯನದಲ್ಲಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಿಕ್ಕಿರಿದ ಕರಾವಳಿಗಳು ಸೇರಿರಲಿಲ್ಲ.

ಭಾರತದ ಪಶ್ಚಿಮ ಕರಾವಳಿ

ಭಾರತದಲ್ಲಿ ಯಾಂತ್ರಿಕ ಟ್ರಾಲಿಂಗ್ ಬೇರೂರಿದ್ದು 1953ರಲ್ಲಿ ಕೇರಳದ ನೀಂಡಕರದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯ ನಂತರ. ಸೀಗಡಿಯ ರಫ್ತು ಅದಕ್ಕೆ ಬೆಲೆ ತಂದಿತು. ಕರ್ನಾಟಕದಲ್ಲಿ ಮಂಗಳೂರು, ಮಲ್ಪೆ ಅದರ ಕೇಂದ್ರಗಳಾದವು. ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತಿದ್ದ ಬೋಟುಗಳ ಜೊತೆಗೆ, ಐಸ್ ತುಂಬಿಕೊಂಡು ವಾರಗಟ್ಟಲೆ ಆಳದಲ್ಲಿ ಎಳೆಯುವ ದೊಡ್ಡ ಬೋಟುಗಳು ಬಂದವು. ಬಲೆ ಮುಟ್ಟುವ ನೆಲ ಹೀಗೆ ತೀರದಿಂದ ಆಳಕ್ಕೆ ಸರಿಯಿತು.

ಈ ಕರಾವಳಿಯ ತಳ ಒಂದೇ ತೆರನಲ್ಲ. ತೀರದಿಂದ ಸುಮಾರು 50 ಮೀಟರ್ ಆಳದವರೆಗೆ ನೇತ್ರಾವತಿ, ಶರಾವತಿ, ಕಾಳಿಯಂಥ ಹೊಳೆಗಳು ತಂದ ಜೇಡಿ ಮತ್ತು ಹೂಳು. ಅದರಾಚೆ, ಕಡಲಮಟ್ಟ ಇಂದಿಗಿಂತ ಕೆಳಗಿದ್ದ ಕಾಲದಲ್ಲಿ ಕೂತ ಸುಣ್ಣಾಂಶದ ಹಳೆಯ ಮರಳು. ತೀರದ ಕೆಸರನ್ನು ಮುಂಗಾರಿನ ಅಲೆಗಳು ಪ್ರತಿವರ್ಷ ತಾವೇ ಕದಡುತ್ತವೆ, ಹೊಳೆಗಳು ಹೊಸ ಹೂಳು ತಂದು ಸುರಿಯುತ್ತವೆ. ಅಲ್ಲಿ ಟ್ರಾಲಿನ ಗುರುತು ಬೇಗ ಅಳಿಯುತ್ತದೆ. ಅಲೆಯ ಕೈಗೆ ಎಟುಕದ ಆಳದಲ್ಲಿ ಆ ಅನುಕೂಲ ಇಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗುಜರಾತಿನ ವೇರಾವಲ್ ತೀರದಲ್ಲಿ ಪ್ರಾಯೋಗಿಕವಾಗಿ ಟ್ರಾಲ್ ಎಳೆದು, ತಳದ ಮಣ್ಣಿನ ಕಣರಚನೆ ಮತ್ತು ಸಾವಯವ ಅಂಶದ ಬದಲಾವಣೆಗಳನ್ನು ದಾಖಲಿಸಿ 2010ರಲ್ಲಿ ಪ್ರಕಟಿಸಿದರು. ಕೇರಳ ಮತ್ತು ಮಂಗಳೂರು ತೀರದ ತಳಜೀವಿಗಳ ಬಗ್ಗೆಯೂ ಅಧ್ಯಯನಗಳು ನಡೆದಿವೆ.

ನಮ್ಮ ಕರಾವಳಿಗೆ ಮತ್ತೊಂದು ವಿಶೇಷವಿದೆ. ಮುಂಗಾರಿನಲ್ಲಿ ಆಳದ ಆಮ್ಲಜನಕ ಕಡಿಮೆಯಿರುವ ನೀರು ಮೇಲೇರಿ ತೀರದತ್ತ ಹರಡುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ತೀರ ಕುಸಿದು, ಕೆಲವೆಡೆ ಹೈಡ್ರೋಜನ್ ಸಲ್ಫೈಡ್ ಕೂಡ ಕಾಣಿಸಿಕೊಳ್ಳುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಆಮ್ಲಜನಕವಿಲ್ಲದ ಕೆಸರನ್ನು ಕದಡಿದರೆ ಅದರೊಳಗಿನ ಸಲ್ಫೈಡ್ ಮತ್ತು ಅಮೋನಿಯಂ ನೀರಿನಲ್ಲಿ ಉಳಿದ ಅಷ್ಟಿಷ್ಟು ಆಮ್ಲಜನಕವನ್ನೂ ಹೀರುತ್ತವೆ. ಯಾಂತ್ರಿಕ ಬೋಟುಗಳ 61 ದಿನಗಳ ಮುಂಗಾರು ರಜೆ ಮುಗಿಯುವುದು ಜುಲೈ 31ಕ್ಕೆ. ತಳದ ನೀರು ಅತ್ಯಂತ ದುರ್ಬಲವಾಗಿರುವ ತಿಂಗಳುಗಳೇ ಮೀನುಗಾರಿಕೆಯ ಹೊಸ ಋತುವಿನ ಮೊದಲ ತಿಂಗಳುಗಳಾಗುತ್ತವೆ. ಈ ಕಾಕತಾಳೀಯ ಈವರೆಗೆ ಸಿಕ್ಕಿದ್ದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹ.

ಕಾನೂನು ಮತ್ತು ಮರುಜೀವ

ಇಂಡೋನೇಷ್ಯಾ 1980ರಲ್ಲಿ ಟ್ರಾಲಿಂಗ್ ನಿಷೇಧಿಸಿತು. ಮೆಡಿಟರೇನಿಯನ್‌ನಲ್ಲಿ 1,000 ಮೀಟರ್‌ಗಿಂತ ಆಳದಲ್ಲಿ 2005ರಿಂದ, ಐರೋಪ್ಯ ಒಕ್ಕೂಟದ ಅಟ್ಲಾಂಟಿಕ್ ನೀರಿನಲ್ಲಿ 800 ಮೀಟರ್‌ಗಿಂತ ಆಳದಲ್ಲಿ 2016ರ ನಿಯಮದ ಮೂಲಕ ನಿಷೇಧವಿದೆ. ಪಾಕ್ ಕೊಲ್ಲಿಯಲ್ಲಿ ತಮಿಳುನಾಡಿನ ಟ್ರಾಲರ್‌ಗಳಿಂದ ಕಂಗೆಟ್ಟ ಶ್ರೀಲಂಕಾ 2017ರಲ್ಲಿ ತಳ ಟ್ರಾಲಿಂಗ್ ನಿಷೇಧಿಸುವ ಕಾನೂನು ತಂದಿತು. ಅದೇ ವರ್ಷ ಭಾರತ ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನು ನಿಷೇಧಿಸಿತು. 2012ರ ಡಿಸೆಂಬರ್ 31ರಂದು ಟ್ರಾಲಿಂಗ್ ನಿಲ್ಲಿಸಿದ ಹಾಂಗ್‌ಕಾಂಗ್‌ನಲ್ಲಿ ಎರಡೂವರೆ ವರ್ಷಗಳ ನಂತರ ನೋಡಿದಾಗ ತಳಜೀವಿಗಳ ಜಾತಿ ಮತ್ತು ಸಂಖ್ಯೆ ಎರಡೂ ಹೆಚ್ಚಿದ್ದವು, ನೀರಿನಲ್ಲಿ ತೇಲುವ ಹೂಳು ಕಡಿಮೆಯಾಗಿತ್ತು. ಉಷ್ಣವಲಯದ ಅಂಚಿನ ಕಡಲೊಂದರಿಂದ ಬಂದ ಈ ಫಲಿತಾಂಶ ನಮಗೆ ಉತ್ತರ ಸಮುದ್ರದ ಅಂಕಿಗಳಿಗಿಂತ ಹತ್ತಿರದ್ದು. ನೆಲ ಮುಟ್ಟದೆ ತೇಲುವ ಬೋರ್ಡುಗಳು, ಹಗುರವಾದ ತಳಹಗ್ಗಗಳು ಉರುವಲಿನ ಖರ್ಚನ್ನೂ ಉಳಿಸುತ್ತವೆ, ಆದ್ದರಿಂದ ಬೋಟಿನವರಿಗೂ ಒಪ್ಪಿಗೆಯಾಗಬಹುದು. ಆದರೆ ಈವರೆಗೆ ಬಲೆ ಮುಟ್ಟದ ಆಳದ ಕೆಸರಿಗೆ ಯಾವ ಸುಧಾರಿತ ಬಲೆಯೂ ಮದ್ದಲ್ಲ. ಅದನ್ನು ಮುಟ್ಟದೆ ಬಿಡುವುದೊಂದೇ ದಾರಿ.

ಕರ್ನಾಟಕದ ನಿಯಮಗಳು ದಿನಾಂಕವನ್ನೂ ತೀರದಿಂದ ಇರುವ ದೂರವನ್ನೂ ನೋಡುತ್ತವೆ, ಬಲೆಯಡಿಯ ಮಣ್ಣು ಯಾವುದೆಂದು ನೋಡುವುದಿಲ್ಲ. ತಳದ ಮಣ್ಣಿನ ನಕ್ಷೆ ತಯಾರಿಸುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಡಲ ವಿಭಾಗದ ಕೇಂದ್ರ ಮಂಗಳೂರಿನಲ್ಲೇ ಇದೆ, ಬೋಟುಗಳ ಜಾಡು ಹೇಳುವ ಟ್ರಾನ್ಸ್‌ಪಾಂಡರ್‌ಗಳು ಬರತೊಡಗಿವೆ. ಮೀನುಗಾರಿಕೆ ಇಲಾಖೆ, ವಿಜ್ಞಾನಿಗಳು, ಬೋಟಿನವರು ಮೂವರೂ ಕೂತು ಈ ಎರಡನ್ನು ಒಂದೇ ನಕ್ಷೆಯ ಮೇಲೆ ತರಬೇಕು, ಮತ್ತು ಯಾವ ಕೆಸರನ್ನು ಇನ್ನು ಮುಟ್ಟಬಾರದೆಂಬುದನ್ನು ಅದರ ಮೇಲೆ ಗುರುತಿಸಬೇಕು.